ಸಕ್ಕರೆ ಕಾರ್ಖಾನೆಯಲ್ಲಿ ಟ್ಯೂಬು ತೊಳೆಯುವ ದಿನ



ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ, ಈ ಕಡೆಯ ಕಬ್ಬಿನ ರೈತರಿಗೆಲ್ಲ ಒಂದು ಅನುಭವ ಇದ್ದೇ ಇದೆ. ಹಂಗಾಮು ಭರದಿಂದ ಸಾಗಿರುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಕ್ಟರು, ಲಾರಿ, ಎತ್ತಿನ ಗಾಡಿಗಳು ಸಾಲುಗಟ್ಟಿರುತ್ತವೆ. ಇದ್ದಕ್ಕಿದ್ದಂತೆ ಗಾಣದ ಸದ್ದು ನಿಲ್ಲುತ್ತದೆ. "ಯಾಕ್ರೀ ಸಾಹೇಬ್ರ, ಮಿಲ್ ಯಾಕ ನಿಂತೈತಿ?" ಎಂದು ಕೇಳಿದರೆ, "ಕ್ಲೀನಿಂಗ್ ಐತ್ರಿ" ಎಂಬ ಎರಡು ಮಾತಿನ ಉತ್ತರ ಬರುತ್ತದೆ. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ, ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಒಡೆಯತೊಡಗುತ್ತದೆ. ಹಾಗಾಗಿ ರೈತನ ಸಿಟ್ಟು ನ್ಯಾಯವಾದದ್ದೇ. ಆದರೆ ಒಳಗೆ ಏನನ್ನು ತೊಳೆಯುತ್ತಿದ್ದಾರೆ, ಏಕೆ ತೊಳೆಯುತ್ತಿದ್ದಾರೆ, ತೊಳೆಯಲು ಯಾರು ಎಲ್ಲಿಗೆ ಇಳಿದಿದ್ದಾರೆ ಎಂಬುದನ್ನು ಅವನಿಗೆ ಯಾರೂ ಹೇಳುವುದಿಲ್ಲ. ಇವತ್ತು ಅದನ್ನೇ ಹೇಳಬೇಕೆಂದಿದ್ದೇನೆ.

ತೊಳೆಯುವುದು ಎವಾಪೊರೇಟರಿನ ಟ್ಯೂಬುಗಳನ್ನು. ಎವಾಪೊರೇಟರ್ ಎಂದರೆ ಕಬ್ಬಿನ ಹಾಲಿನಿಂದ ನೀರನ್ನು ಆವಿ ಮಾಡಿ ತೆಗೆಯುವ ಯಂತ್ರ. ಗಾಣದಿಂದ ಬಂದು, ಸುಣ್ಣ ಹಾಕಿ, ಗಂಧಕದ ಹೊಗೆ ಹಾಯಿಸಿ, ಕೆಸರು ಇಳಿಸಿ ತಿಳಿಯಾದ ಹಾಲಿನಲ್ಲಿ ನೂರಕ್ಕೆ ಸುಮಾರು 15 ಪಾಲು ಮಾತ್ರ ಕರಗಿದ ಪದಾರ್ಥ ಇರುತ್ತದೆ, ಮಿಕ್ಕದ್ದೆಲ್ಲ ನೀರು. ಕಾರ್ಖಾನೆಯವರು ಇದನ್ನು 15 ಬ್ರಿಕ್ಸ್ ಎನ್ನುತ್ತಾರೆ. ಪ್ಯಾನಿನಲ್ಲಿ ಸಕ್ಕರೆ ಹರಳುಗಟ್ಟಬೇಕಾದರೆ ಈ ಹಾಲು 60 ಬ್ರಿಕ್ಸಿನ ಸಿರಪ್ ಆಗಬೇಕು. ಅಂದರೆ ನೂರು ಟನ್ ಹಾಲಿನಿಂದ 75 ಟನ್ ನೀರನ್ನು ಹೊರಗೆ ಹಾಕಬೇಕು. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ ತಿಳಿಹಾಲು ಬರುತ್ತದೆ. ಹಾಗಾದರೆ ಹಗಲು ರಾತ್ರಿ ಸೇರಿ ಸುಮಾರು 3,750 ಟನ್ ನೀರು ಆವಿಯಾಗಿ ಹೋಗಬೇಕು. ಸಕ್ಕರೆ ಕಾರ್ಖಾನೆಯ ಒಲೆಯ ಕೆಲಸವೆಲ್ಲ ಬಹುಪಾಲು ಇದೇ.

ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಸಿ ಇದೇ ಕೆಲಸ ಮಾಡುತ್ತೇವೆ. ಕೊಪ್ಪರಿಗೆಯಿಂದ ಏಳುವ ಹಬೆ ಗಾಳಿಗೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಲೂಸಿಯಾನಾದಲ್ಲೂ ಹೀಗೇ ನಡೆಯುತ್ತಿತ್ತು. ಅಲ್ಲಿ ಗುಲಾಮರು ಕುದಿಯುವ ಹಾಲನ್ನು ಸೌಟಿನಿಂದ ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ತೋಡಿ ಹಾಕುತ್ತಿದ್ದರು. ನ್ಯೂ ಆರ್ಲಿಯನ್ಸ್‌ನಲ್ಲಿ 1806ರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದಿದ ನಾರ್ಬರ್ಟ್ ರಿಲ್ಯೂ ಎಂಬವರು ಇದನ್ನು ಬದಲಿಸಿದರು. ಅವರ ತಂದೆ ಬಿಳಿಯರು, ತಾಯಿ ಕಪ್ಪು ಮೂಲದವರು. ಆ ಕಾಲದ ಆ ಊರಿನಲ್ಲಿ ಇಂಥ ಹುಟ್ಟಿಗೆ ಎಂಥ ಅವಮಾನಗಳಿದ್ದವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಚ್ಚಿದ ಪಾತ್ರೆಗಳನ್ನು ಸಾಲಾಗಿ ಜೋಡಿಸಿ, ಮೊದಲ ಪಾತ್ರೆಯ ಹಾಲಿನಿಂದ ಎದ್ದ ಹಬೆಯಿಂದಲೇ ಎರಡನೆಯ ಪಾತ್ರೆಯನ್ನು, ಅದರ ಹಬೆಯಿಂದ ಮೂರನೆಯದನ್ನು ಕುದಿಸುವ ಉಪಾಯ ಅವರದು. 1843ರಲ್ಲಿ, ಮತ್ತೆ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇವತ್ತು ಜಗತ್ತಿನ ಯಾವ ಸಕ್ಕರೆ ಕಾರ್ಖಾನೆಗೆ ಹೋದರೂ ಕಾಣುವುದು ಅದೇ ಏರ್ಪಾಡು. ಕನ್ನಂಬಾಡಿ ಕಟ್ಟೆಯ ನೀರಿನ ಬಲದಿಂದ ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ, ಅದಕ್ಕಾಗಿ ಬೆವರು ಸುರಿಸಿದ ಲೆಸ್ಲಿ ಕೋಲ್ಮನ್, ಇವರ ಹೆಸರನ್ನು ನಾವು ನೆನೆಯುತ್ತೇವೆ. ರಿಲ್ಯೂ ಅವರ ಹೆಸರನ್ನೂ ನಮ್ಮ ಕಬ್ಬಿನ ನಾಡಿನ ಮಕ್ಕಳು ತಿಳಿದಿರಬೇಕು ಎಂಬುದು ನನ್ನ ಆಸೆ.

ಈಗ ಯಂತ್ರದ ಒಳಗೆ ನೋಡೋಣ. ಒಂದರ ಪಕ್ಕ ಒಂದು ನಿಂತ ಎತ್ತರದ ಉಕ್ಕಿನ ಪಾತ್ರೆಗಳು, ಸಾಮಾನ್ಯವಾಗಿ ನಾಲ್ಕು ಅಥವಾ ಐದು. ಕಾರ್ಖಾನೆಯಲ್ಲಿ ಇವನ್ನು ಬಾಡಿ ಎನ್ನುತ್ತಾರೆ. ಮೊದಲ ಬಾಡಿ, ಎರಡನೇ ಬಾಡಿ, ಹೀಗೆ. ಪ್ರತಿ ಬಾಡಿಯ ಕೆಳಭಾಗದಲ್ಲಿ ಕ್ಯಾಲೆಂಡ್ರಿಯಾ ಎಂಬ ಭಾಗ. ಮೇಲೊಂದು ಕೆಳಗೊಂದು ದಪ್ಪನೆಯ ತೂತಿನ ತಟ್ಟೆ, ಅವಕ್ಕೆ ಟ್ಯೂಬ್ ಪ್ಲೇಟ್ ಎಂದು ಹೆಸರು. ಆ ಎರಡರ ನಡುವೆ ಸಾವಿರಾರು ಟ್ಯೂಬುಗಳು ನೆಟ್ಟಗೆ ನಿಂತಿರುತ್ತವೆ. ಒಂದೊಂದೂ ಹೊರಗಿನಿಂದ 45 ಮಿಲಿಮೀಟರ್ ಅಡ್ಡಳತೆ, ಸುಮಾರು ಎರಡು ಮೀಟರ್ ಉದ್ದ. ಹಿಂದೆ ಹಿತ್ತಾಳೆಯವು ಇದ್ದವು, ಈಗ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನವು. ಟ್ಯೂಬಿನ ಒಳಗೆ ಹಾಲು, ಹೊರಗೆ ಹಬೆ. ಸಾವಿರ ಚದರ ಮೀಟರ್ ಶಾಖದ ಮೈ ಇರುವ ಒಂದು ಬಾಡಿಗೆ ಇಂಥ ಟ್ಯೂಬುಗಳು 3,700ರಷ್ಟು ಬೇಕಾಗುತ್ತವೆ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕಿಂತ ದೊಡ್ಡ ಬಾಡಿಗಳಿವೆ.

ಮೊದಲ ಬಾಡಿಗೆ ಬರುವ ಹಬೆಯ ಬಿಸಿ ಸುಮಾರು 120 ಡಿಗ್ರಿ. ಕೊನೆಯ ಬಾಡಿಯಲ್ಲಿ ನಿರ್ವಾತ ಇರುವುದರಿಂದ ಹಾಲು 55 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಈ ಎರಡರ ನಡುವಿನ ಅಂತರ ಎಷ್ಟು? ಬರೀ 65 ಡಿಗ್ರಿ. ಐದೂ ಬಾಡಿಗಳು ಹಂಚಿಕೊಂಡು ದುಡಿಯಬೇಕಾದ ಬಂಡವಾಳ ಅಷ್ಟೇ. ಯಾವುದೋ ಒಂದು ಬಾಡಿಯ ಟ್ಯೂಬುಗಳಲ್ಲಿ ಶಾಖ ಸರಾಗವಾಗಿ ಹಾಯದೆ ಹೋದರೆ, ಅದು ತನ್ನ ಪಾಲಿಗಿಂತ ಹೆಚ್ಚು ಡಿಗ್ರಿಗಳನ್ನು ನುಂಗುತ್ತದೆ. ಮಿಕ್ಕ ನಾಲ್ಕಕ್ಕೆ ಕೊರತೆ ಬೀಳುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಟ್ಯೂಬು ತೊಳೆಯುವ ಕೆಲಸ ಏಕೆ ಇಷ್ಟು ದೊಡ್ಡದು ಎಂಬುದು ತಾನಾಗಿ ತಿಳಿಯುತ್ತದೆ.

ಶಾಖ ಹಾಯದಂತೆ ತಡೆಯುವುದು ಟ್ಯೂಬಿನ ಒಳಮೈಗೆ ಕಟ್ಟುವ ಹಕ್ಕಳೆ. ಬೋರ್‌ವೆಲ್ ನೀರು ಕಾಯಿಸುವ ಗೀಸರಿನ ಕಾಯಿಲಿಗೆ ಬಿಳಿಯ ಕಲ್ಲು ಕಟ್ಟುವುದನ್ನು ನೀವು ಕಂಡಿದ್ದೀರಿ, ಇದೂ ಅದೇ ಜಾತಿಯದು. ಕಾರ್ಖಾನೆಯವರು ಸ್ಕೇಲ್ ಎನ್ನುತ್ತಾರೆ. ಕಬ್ಬು ಮಣ್ಣಿನಿಂದ ಸಿಲಿಕಾ ಹೀರಿಕೊಂಡಿರುತ್ತದೆ. ನಾವು ಹಾಲನ್ನು ತಿಳಿಗೊಳಿಸಲು ಸುಣ್ಣ ಹಾಕುತ್ತೇವೆ, ಗಂಧಕದ ಹೊಗೆ ಕೊಡುತ್ತೇವೆ. ಕೆಸರಿನೊಂದಿಗೆ ಇಳಿಯದೆ ಉಳಿದದ್ದು ಹಾಲಿನಲ್ಲಿ ಕರಗಿಕೊಂಡು ಎವಾಪೊರೇಟರಿಗೆ ಬರುತ್ತದೆ. ನೀರು ಆವಿಯಾಗಿ ಹಾಲು ಗಟ್ಟಿಯಾದಂತೆ ಇವಕ್ಕೆಲ್ಲ ಕರಗಿಕೊಂಡಿರಲು ಜಾಗ ಸಾಲದೆ, ಬಿಸಿ ಟ್ಯೂಬಿನ ಗೋಡೆಗೆ ಅಂಟಿಕೊಳ್ಳುತ್ತವೆ. ಮೊದಲ ಬಾಡಿಗಳಲ್ಲಿ ಫಾಸ್ಫೇಟು ಮತ್ತು ಸಾವಯವ ವಸ್ತು ಹೆಚ್ಚಿರುವ ಮೆತ್ತನೆಯ ಪೊರೆ. ಅದು ಬೇಗ ಬಿಡುತ್ತದೆ. ಕೊನೆಯ ಬಾಡಿಗಳಲ್ಲಿ ಸಿಲಿಕಾ, ಕ್ಯಾಲ್ಸಿಯಂ ಸಲ್ಫೇಟು, ಆಕ್ಸಲೇಟು ಸೇರಿದ ಗಟ್ಟಿ ಕಲ್ಲು. ಅದು ಬಿಡುವುದಿಲ್ಲ.

ಈ ಪೊರೆ ತೆಳುವಾಗಿ ಕಾಣುತ್ತದೆ, ಆದರೆ ಶಾಖಕ್ಕೆ ಅದು ದಪ್ಪ ಗೋಡೆ. ಸ್ಟೇನ್‌ಲೆಸ್ ಸ್ಟೀಲಿನ ಮೂಲಕ ಹಾಯುವಷ್ಟು ಸಲೀಸಾಗಿ ಶಾಖ ಸಿಲಿಕಾದ ಮೂಲಕ ಹಾಯುವುದಿಲ್ಲ. ಸಿಲಿಕಾ ಹೆಚ್ಚಿರುವ ಒಂದೇ ಒಂದು ಮಿಲಿಮೀಟರ್ ಪೊರೆ, ಸುಮಾರು 20 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲು ಒಡ್ಡುವಷ್ಟು ಅಡ್ಡಿ ಒಡ್ಡಬಲ್ಲದು. ಟ್ಯೂಬಿನ ಗೋಡೆಯೇ ಒಂದೂವರೆ ಮಿಲಿಮೀಟರಿಗಿಂತ ದಪ್ಪ ಇಲ್ಲ. ಅಷ್ಟು ತೆಳು ಗೋಡೆಯ, ದುಬಾರಿ ಟ್ಯೂಬು ಕೊಂಡು ತಂದು ಕಲ್ಲು ಕಟ್ಟಲು ಬಿಟ್ಟರೆ ಆ ಹಣವೆಲ್ಲ ನೀರಿನಲ್ಲಿ ಹೋಮ.

ಕಲ್ಲು ಕಟ್ಟುತ್ತಿದೆ ಎಂದು ತಿಳಿಯಲು ಬಾಡಿ ತೆರೆದು ನೋಡಬೇಕಾಗಿಲ್ಲ. ಅನುಭವಸ್ಥ ಆಪರೇಟರಿಗೆ ಗೇಜುಗಳೇ ಹೇಳುತ್ತವೆ. ಮೊದಲು ಸಿರಪ್ಪಿನ ಬ್ರಿಕ್ಸ್ ಇಳಿಯುತ್ತದೆ. 60 ಇದ್ದದ್ದು 57 ಆಗುತ್ತದೆ, 54 ಆಗುತ್ತದೆ. ಮೊದಲ ಬಾಡಿಯ ಹಬೆಯ ಒತ್ತಡ ಮೆಲ್ಲಗೆ ಏರುತ್ತದೆ. ಮುಂದಿನ ಬಾಡಿಗಳು ಆ ಹಬೆಯನ್ನು ಎಳೆದುಕೊಳ್ಳಲಾರದೆ ಅದು ಹಿಂದೆ ಕಟ್ಟಿಕೊಳ್ಳುತ್ತಿರುವ ಲಕ್ಷಣ ಅದು. ಪಕ್ಕಪಕ್ಕದ ಎರಡು ಬಾಡಿಗಳ ನಡುವೆ ಇರಬೇಕಾದ ಬಿಸಿಯ ಅಂತರ ಒಂದು ಕಡೆ ಮಾತ್ರ ಹಿಗ್ಗಿದರೆ, ಕಲ್ಲು ಅಲ್ಲೇ ಕೂತಿದೆ. ಒಳ್ಳೆಯ ಕಾರ್ಖಾನೆಯಲ್ಲಿ ಪ್ರತಿ ಪಾಳಿಯಲ್ಲೂ ಈ ಅಂಕಿಗಳನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಬರೆದದ್ದನ್ನು ಮಾರನೆಯ ದಿನ ಯಾರಾದರೂ ಹಿಂದಿನ ವಾರದ ಅಂಕಿಯ ಪಕ್ಕ ಇಟ್ಟು ನೋಡುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ನನ್ನ ಮಾತು ಕೇಳುವ ಮೇಲ್ವಿಚಾರಕರಿದ್ದರೆ, ಪುಸ್ತಕ ಕಪಾಟಿನಲ್ಲಿರುವ ಬದಲು ಆ ಅಂಕಿಗಳ ಗೆರೆಚಿತ್ರ ಗೋಡೆಯ ಮೇಲೆ ಇರಲಿ. ಬ್ರಿಕ್ಸ್ ಬಿದ್ದ ಗೆರೆ ಎಲ್ಲರಿಗೂ ಕಾಣಲಿ.

ಹಾಗೆ ನೋಡದೆ ಓಡಿಸಿದರೆ ಏನಾಗುತ್ತದೆ? ಹಬೆಯ ಒತ್ತಡ ಏರಿಸಿ ಕೆಲಸ ತೆಗೆಯುತ್ತಾರೆ. ಆಗ ಹಾಲು ಬೇಕಾದ್ದಕ್ಕಿಂತ ಹೆಚ್ಚು ಬಿಸಿಯಾಗಿ ಸ್ವಲ್ಪ ಸಕ್ಕರೆ ಒಡೆದು ಹಾಳಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ಸಿರಪ್ ತೆಳುವಾಗಿ ಹೋದದ್ದರಿಂದ ಪ್ಯಾನಿನವರು ಹೆಚ್ಚು ಹೊತ್ತು ಕುದಿಸಬೇಕು. ಪ್ಯಾನು ಒಂಟಿಯಾಗಿ ಕುದಿಸುವ ಪಾತ್ರೆ. ಎವಾಪೊರೇಟರಿನಲ್ಲಿ ಒಂದು ಟನ್ ಹಬೆ ನಾಲ್ಕೈದು ಟನ್ ನೀರನ್ನು ಓಡಿಸಿದರೆ, ಪ್ಯಾನಿನಲ್ಲಿ ಒಂದು ಟನ್ ನೀರಿಗೆ ಒಂದು ಟನ್ನಿಗಿಂತ ಹೆಚ್ಚೇ ಹಬೆ ಬೇಕು. 5,000 ಟನ್ನಿನ ಕಾರ್ಖಾನೆಯಲ್ಲಿ ನೂರು ಟನ್ ಕಬ್ಬಿಗೆ ಬರೀ ಎರಡು ಟನ್ ಹಬೆ ಹೆಚ್ಚು ಖರ್ಚಾಯಿತೆಂದು ಇಟ್ಟುಕೊಳ್ಳಿ. ದಿನಕ್ಕೆ ನೂರು ಟನ್ ಹಬೆ. ಒಂದು ಟನ್ ಬಗಾಸಿನಿಂದ, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆಯಿಂದ, ಎರಡು ಟನ್ನಿಗಿಂತ ಸ್ವಲ್ಪ ಹೆಚ್ಚು ಹಬೆ ಬರುತ್ತದೆ, ಹಾಗಾಗಿ ದಿನಕ್ಕೆ 45 ಟನ್ನಿನಷ್ಟು ಬಗಾಸು ಸುಮ್ಮನೆ ಸುಟ್ಟಂತೆ. ಅದು ವಿದ್ಯುತ್ತಾಗಿ ಗ್ರಿಡ್ಡಿಗೆ ಹೋಗಬಹುದಿತ್ತು, ಕಾಗದದ ಕಾರ್ಖಾನೆಗೆ ಹೋಗಬಹುದಿತ್ತು. ಕೊನೆಗೆ ಗಾಣದ ವೇಗವನ್ನೇ ಇಳಿಸುತ್ತಾರೆ. ಅಂಗಳದ ಸಾಲು ಬೆಳೆಯುತ್ತದೆ. ಒಂದು ದಿನ ನಿಲ್ಲಿಸಿ ತೊಳೆದಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ, ತೊಳೆಯದೆ ಎಳೆದಾಡಿದ ವಾರದ ನಷ್ಟ ದೊಡ್ಡದು. ರೈತರ ಸಿಟ್ಟಿಗೆ ಹೆದರಿ ಕ್ಲೀನಿಂಗ್ ಮುಂದೂಡುವ ಕಾರ್ಖಾನೆ ರೈತರಿಗೇ ಹೆಚ್ಚು ತೊಂದರೆ ಕೊಡುತ್ತದೆ.

ಈಗ ತೊಳೆಯುವ ದಿನಕ್ಕೆ ಬರೋಣ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೊಮ್ಮೆ ಇದು ಬರುತ್ತದೆ. ಕಬ್ಬಿನ ತಳಿ, ಮಣ್ಣು, ಹಾಲು ತಿಳಿಗೊಳಿಸಿದ ರೀತಿ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ಮೊದಲು ಬಾಡಿಯೊಳಗಿನ ಹಾಲನ್ನೆಲ್ಲ ಖಾಲಿ ಮಾಡಿ, ನೀರು ಹಾಕಿ ಚೆನ್ನಾಗಿ ಜಾಲಿಸುತ್ತಾರೆ. ಒಳಗೆ ಸಿಹಿ ಉಳಿದರೆ ಹಾಕುವ ಕಾಸ್ಟಿಕ್ ಅದನ್ನೇ ತಿಂದು ವ್ಯರ್ಥವಾಗುತ್ತದೆ. ಬಳಿಕ ಕಾಸ್ಟಿಕ್ ಸೋಡಾದ ದ್ರಾವಣ ತುಂಬಿ, ಹಬೆ ಬಿಟ್ಟು ಕೆಲವು ಗಂಟೆ ಕುದಿಸುತ್ತಾರೆ. ಸಿಲಿಕಾದ ಕಲ್ಲನ್ನು ಸಡಿಲಿಸುವುದು ಕಾಸ್ಟಿಕ್. ಸಲ್ಫೇಟು ಹೆಚ್ಚಿದ್ದರೆ ಅದರ ಜೊತೆ ಸೋಡಿಯಂ ಕಾರ್ಬೊನೇಟನ್ನೂ ಸೇರಿಸುತ್ತಾರೆ. ಕ್ಯಾಲ್ಸಿಯಂ ಸಲ್ಫೇಟು ಆಮ್ಲಕ್ಕೂ ಸುಲಭವಾಗಿ ಕರಗುವುದಿಲ್ಲ, ಕಾರ್ಬೊನೇಟಾಗಿ ಬದಲಾದರೆ ಮಾತ್ರ ಕರಗುತ್ತದೆ. ಕುದಿಸಿ ಉಳಿದ ಕಾಸ್ಟಿಕ್ ದ್ರಾವಣವನ್ನು ಎಸೆಯುವುದಿಲ್ಲ. ಟ್ಯಾಂಕಿಗೆ ವಾಪಸು ಕಳಿಸಿ, ಬಲ ನೋಡಿ, ಬೇಕಾದಷ್ಟು ಸೇರಿಸಿ ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತಾರೆ. ಕೆಲಸಕ್ಕೆ ಬಾರದೆ ಹೋದದ್ದು ತ್ಯಾಜ್ಯ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕು, ಊರ ಹಳ್ಳಕ್ಕಲ್ಲ.

ಕಾಸ್ಟಿಕ್ ತೆಗೆದು ಮತ್ತೆ ನೀರಿನಿಂದ ತೊಳೆದ ಮೇಲೆ, ಕೆಲವೆಡೆ ತೆಳು ಹೈಡ್ರೋಕ್ಲೋರಿಕ್ ಆಮ್ಲವನ್ನೂ ಕೊಡುತ್ತಾರೆ. ಲೋಹವನ್ನು ಆಮ್ಲ ತಿನ್ನದಂತೆ ಕಾಪಾಡುವ ರಾಸಾಯನಿಕವನ್ನು ಅದರೊಂದಿಗೆ ಬೆರೆಸಲೇಬೇಕು. ಆಮೇಲೆ ಉಳಿಯುವುದು ಮನುಷ್ಯನ ಕೈಯ ಕೆಲಸ. ಬಾಡಿ ತಣ್ಣಗಾದ ಮೇಲೆ ಮ್ಯಾನ್‌ಹೋಲಿನ ಮುಚ್ಚಳ ಬಿಚ್ಚಿ ಮೂರು ನಾಲ್ಕು ಜನ ಒಳಗೆ ಇಳಿಯುತ್ತಾರೆ. ಅವರು ನಿಲ್ಲುವುದು ಮೇಲಿನ ಟ್ಯೂಬ್ ಪ್ಲೇಟಿನ ಮೇಲೆ. ಕಾಲ ಕೆಳಗೆಲ್ಲ ತೂತುಗಳೇ, ಒಂದೊಂದು ತೂತೂ ಒಂದೊಂದು ಟ್ಯೂಬಿನ ಬಾಯಿ. ಗೋಡೆಗೆ ಒರಗಿಸಿದ ಮೋಟಾರಿನಿಂದ ಬಾಗುವ ಶಾಫ್ಟ್ ಬಂದಿರುತ್ತದೆ, ಅದರ ತುದಿಯಲ್ಲಿ ಹಲ್ಲಿನ ಚಕ್ರಗಳಿರುವ ಕಟರ್ ಅಥವಾ ತಂತಿಯ ಬ್ರಷ್ಷು. ಮೋಟಾರು ತಿರುಗಿದಾಗ ಚಕ್ರಗಳು ಹೊರಚೆಲ್ಲಿ ಗೋಡೆಯನ್ನು ಹಿಡಿಯುತ್ತವೆ. ಕೆಲಸಗಾರ ಅದನ್ನು ಟ್ಯೂಬಿಗೆ ಇಳಿಸುತ್ತಾನೆ, ತಳ ಮುಟ್ಟಿಸುತ್ತಾನೆ, ಎಳೆಯುತ್ತಾನೆ, ಪಕ್ಕದ ಟ್ಯೂಬಿಗೆ ಹೋಗುತ್ತಾನೆ.

ಬಲ್ಲವನ ಕೈಯನ್ನು ನೋಡಿದರೆ ಗೊತ್ತಾಗುತ್ತದೆ, ಅವನು ಎಲ್ಲೂ ತಡೆದು ನಿಲ್ಲುವುದಿಲ್ಲ. ಒಂದೇ ಜಾಗದಲ್ಲಿ ಕಟರ್ ತಿರುಗುತ್ತ ನಿಂತರೆ ಕಲ್ಲು ಹೋದ ಮೇಲೆ ಟ್ಯೂಬನ್ನೇ ಕೊರೆಯುತ್ತದೆ. ಹಿತ್ತಾಳೆಯಾದರೆ ಇನ್ನೂ ಬೇಗ. ಕಲ್ಲಿರುವ ಕಡೆ ಗರಗರ ಎಂದು ಒರಟು ಸದ್ದು, ಬರಿಯ ಲೋಹ ಸಿಕ್ಕಾಗ ಸದ್ದು ತೆಳುವಾಗುತ್ತದೆ. ಆ ವ್ಯತ್ಯಾಸವನ್ನು ಅವನು ಕಿವಿಯಿಂದಲೂ ಕೇಳುತ್ತಾನೆ, ಶಾಫ್ಟ್ ಹಿಡಿದ ಅಂಗೈಯಿಂದಲೂ ತಿಳಿಯುತ್ತಾನೆ. ಪುಡಿಯಾದ ಕಲ್ಲು ಟ್ಯೂಬಿನೊಳಗೆ ಕೆಳಗೆ ಉದುರುತ್ತದೆ. ಆಮೇಲೆ ಫಿಟ್ಟರ್ ಒಬ್ಬ ಕೆಳಗಡೆಯಿಂದ ದೀಪ ಹಿಡಿದರೆ, ಮೇಲಿನವನು ಒಂದೊಂದೇ ಟ್ಯೂಬಿಗೆ ಕಣ್ಣಿಟ್ಟು ನೋಡುತ್ತಾನೆ. ಗೋಡೆ ಹೊಳೆದರೆ ಸರಿ, ಮಂಕಾಗಿ ಬೂದು ಬಣ್ಣ ಕಂಡರೆ ಮತ್ತೊಮ್ಮೆ. ಮೂರೂಮುಕ್ಕಾಲು ಸಾವಿರ ಟ್ಯೂಬುಗಳು, ಒಂದನ್ನೂ ಬಿಡುವ ಹಾಗಿಲ್ಲ. ಇದನ್ನು ಬರಿಯ ಕೂಲಿ ಕೆಲಸ ಎಂದು ಲೆಕ್ಕ ಹಿಡಿಯುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಇದು ಕಸುಬು. ಹೊಸಬನೊಬ್ಬ ಇದನ್ನು ಕಲಿಯಲು ಹಳಬನ ಪಕ್ಕದಲ್ಲಿ ನಿಂತು ಹಂಗಾಮುಗಳನ್ನೇ ಕಳೆಯಬೇಕು.

ಈಚೆಗೆ ಬ್ರಷ್ಷಿನ ಬದಲು ಅಧಿಕ ಒತ್ತಡದ ನೀರಿನಿಂದ ಕಲ್ಲು ಒಡೆಯುವ ಹೈಡ್ರೋಜೆಟ್ ಯಂತ್ರಗಳೂ ಬಂದಿವೆ. ಕೆಲಸ ಚುರುಕು, ಟ್ಯೂಬು ಸವೆಯುವುದೂ ಕಡಿಮೆ. ಆದರೆ 500, 1,000 ಬಾರ್ ಒತ್ತಡದ ನೀರು ಚರ್ಮಕ್ಕೆ ತಗುಲಿದರೆ ಒಳಗೇ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಮಾಂಸ ಹರಿದು ಕೊಳೆಯಲು ಶುರುವಾಗಿರುತ್ತದೆ. ಅಂಥ ಗಾಯವಾದವರು ಅರಿಶಿನ ಹಚ್ಚಿ ಮನೆಗೆ ಹೋಗಬಾರದು. ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ನೀರು ಹೊಕ್ಕ ಗಾಯ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರು ಚಿಕ್ಕ ಗಾಯವೆಂದೇ ತಿಳಿದಾರು.

ಇನ್ನು ಹೇಳಲೇಬೇಕಾದ ಮಾತು ಒಂದಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಾಡಿಯೊಳಗೆ ಇಳಿಯುವುದು ಪ್ರಾಣದ ಪ್ರಶ್ನೆ. ಗಂಧಕದ ಹೊಗೆ ಕೊಟ್ಟ ಹಾಲಿನಿಂದ ಕಟ್ಟಿದ ಕಲ್ಲಿನಲ್ಲಿ ಸಲ್ಫೈಟು ಇರುತ್ತದೆ, ಅದಕ್ಕೆ ಆಮ್ಲ ತಗುಲಿದರೆ ಉಸಿರುಗಟ್ಟಿಸುವ ಸಲ್ಫರ್ ಡಯಾಕ್ಸೈಡ್ ಏಳುತ್ತದೆ. ಸಲ್ಫೈಡು ಇದ್ದರೆ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹೆಚ್ಚಾದಾಗ ಮೂಗನ್ನೇ ಮಂಕಾಗಿಸುತ್ತದೆ, ವಾಸನೆ ಹೋಯಿತು ಎಂದುಕೊಂಡ ಹೊತ್ತಿಗೆ ಮನುಷ್ಯ ಕುಸಿದಿರುತ್ತಾನೆ. ಆಮ್ಲ ಲೋಹಕ್ಕೆ ತಗುಲಿದ ಕಡೆ ಹೈಡ್ರೋಜನ್ ಹುಟ್ಟುತ್ತದೆ, ಬೀಡಿಯ ಕಿಡಿ ಸಾಕು. ಹಾಲು ಹುಳಿತ ಪಾತ್ರೆಯಲ್ಲಿ ಆಮ್ಲಜನಕವೇ ಕಡಿಮೆಯಾಗಿರಬಹುದು. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಪಾಲು ಇರುತ್ತದೆ. 19.5ಕ್ಕಿಂತ ಕಡಿಮೆ ಇದ್ದರೆ ಒಳಗೆ ಹೋಗಬಾರದು. ಇದು ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ, ಮೀಟರಿಗೆ ಮಾತ್ರ ತಿಳಿಯುತ್ತದೆ.

ಇದೆಲ್ಲ ಹೊಸ ಜ್ಞಾನವೇನಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 36ನೆಯ ಸೆಕ್ಷನ್ ಇದನ್ನು ಬರೆದಿಟ್ಟಿತು. ವಿಷಾನಿಲ ಇರಬಹುದಾದ ಪಾತ್ರೆಯೊಳಗೆ ಯಾರೂ ಇಳಿಯುವ ಮೊದಲು, ತಾನೇ ಪರೀಕ್ಷಿಸಿ ನೋಡಿದ ಅರ್ಹ ವ್ಯಕ್ತಿ ಲಿಖಿತ ಪ್ರಮಾಣಪತ್ರ ಕೊಟ್ಟಿರಬೇಕು. ಇಲ್ಲವಾದರೆ ಇಳಿಯುವವನು ಉಸಿರಾಟದ ಸಾಧನ ಧರಿಸಿ, ಸೊಂಟಕ್ಕೆ ಬೆಲ್ಟು ಕಟ್ಟಿ, ಅದರ ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕು. ಅದರ ಜೊತೆಯ 36ಎ ಸೆಕ್ಷನ್ ಒಳಗೆ ಒಯ್ಯುವ ಕೈದೀಪ 24 ವೋಲ್ಟಿಗಿಂತ ಹೆಚ್ಚಿನದಾಗಿರಬಾರದೆಂದು ಹೇಳಿತು. ಬೆವರಿನಲ್ಲಿ ತೋಯ್ದ ಮೈ, ಒದ್ದೆ ಲೋಹದ ನೆಲ. ಅಲ್ಲಿ 230 ವೋಲ್ಟಿನ ತಂತಿ ಎಳೆದುಕೊಂಡು ಹೋಗುವುದು ಸಾವನ್ನು ಜೊತೆಗೆ ಕರೆದೊಯ್ದಂತೆಯೇ.

ಈಗ ಹಲವು ಕಾರ್ಖಾನೆಗಳು ಒಂದು ಹೆಚ್ಚುವರಿ ಬಾಡಿ ಇಟ್ಟುಕೊಳ್ಳುತ್ತಿವೆ. ಒಂದನ್ನು ತೊಳೆಯುವಾಗ ಮಿಕ್ಕವು ಓಡುತ್ತಿರುತ್ತವೆ, ಗಾಣ ನಿಲ್ಲಿಸಬೇಕಾಗಿಲ್ಲ. ಇದು ತುಂಬ ಒಳ್ಳೆಯ ಏರ್ಪಾಡು, ರೈತನಿಗೂ ಲಾಭ. ಆದರೆ ಇದರಲ್ಲಿ ಹೊಸ ಅಪಾಯವೂ ಇದೆ. ತೊಳೆಯುವ ಬಾಡಿಯ ಪಕ್ಕದಲ್ಲೇ ಕುದಿಯುವ ಬಾಡಿ ಇರುತ್ತದೆ. ನಡುವೆ ಇರುವುದು ಒಂದು ವಾಲ್ವ್ ಅಷ್ಟೇ. ವಾಲ್ವುಗಳು ಸೋರುತ್ತವೆ. ಯಾರೋ ತಿಳಿಯದೆ ತಿರುಗಿಸಲೂಬಹುದು. ಆದ್ದರಿಂದ ವಾಲ್ವ್ ಮುಚ್ಚಿದರೆ ಸಾಲದು, ಪೈಪಿನ ಜೋಡಣೆ ಬಿಚ್ಚಿ ಅಡ್ಡಲಾಗಿ ಬ್ಲೈಂಡ್ ಪ್ಲೇಟು ಹಾಕಬೇಕು. ಹಬೆ, ಹಾಲು, ಕಾಸ್ಟಿಕ್, ಆಮ್ಲ, ಪ್ರತಿಯೊಂದು ಪೈಪಿಗೂ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಮತ್ತೊಂದು ಮಾತು. ಒಳಗಿದ್ದವನು ಬಿದ್ದರೆ ಹೊರಗಿದ್ದ ಗೆಳೆಯ ತಡೆಯಲಾರದೆ ಧುಮುಕುತ್ತಾನೆ. ಆಮೇಲೆ ಅವನ ಅಣ್ಣ. ಹೀಗೆ ಒಂದೇ ಪಾತ್ರೆಯಲ್ಲಿ ಎರಡು ಮೂರು ಜೀವ ಹೋಗುವುದು ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಮ್ಯಾನ್‌ಹೋಲಿನ ಬಳಿ ನಿಂತವನ ಕೆಲಸ ಹಗ್ಗ ಎಳೆಯುವುದು, ಕೂಗಿ ನೆರವು ಕರೆಯುವುದು. ಉಸಿರಾಟದ ಸಾಧನ ಇಲ್ಲದೆ ಒಳಗೆ ಹೋಗುವುದಲ್ಲ. ಇದನ್ನು ಮನೆಯವರೂ ಅವನಿಗೆ ಹೇಳಿ ಕಳಿಸಬೇಕು.

ಟ್ಯೂಬು ತೊಳೆದದ್ದಾಯಿತು, ಆದರೆ ಸೋರುತ್ತಿಲ್ಲ ಎಂದು ಹೇಗೆ ತಿಳಿಯುವುದು? ಟ್ಯೂಬಿನ ಹೊರಗಿನ ಹಬೆ ತಣಿದು ನೀರಾಗುತ್ತದೆ. ಒಳ್ಳೆಯ ಬಿಸಿನೀರು, ಅದನ್ನು ಬಾಯ್ಲರಿಗೆ ವಾಪಸು ಕಳಿಸುತ್ತಾರೆ. ಟ್ಯೂಬಿನಲ್ಲಿ ಸಣ್ಣ ತೂತಿದ್ದರೂ ಹಾಲು ಆ ನೀರಿಗೆ ಸೇರುತ್ತದೆ. ಬಾಯ್ಲರಿನ ಬಿಸಿಗೆ ಸಕ್ಕರೆ ಒಡೆದು ಆಮ್ಲವಾಗುತ್ತದೆ, ನೊರೆಯೇಳುತ್ತದೆ, ಬಾಯ್ಲರಿನ ಟ್ಯೂಬುಗಳಿಗೇ ಕುತ್ತು ಬರುತ್ತದೆ. ಅದಕ್ಕೆ ಪ್ರಯೋಗಶಾಲೆಯ ಹುಡುಗ ಹಗಲು ರಾತ್ರಿ ಈ ನೀರನ್ನು ಪರೀಕ್ಷಿಸುತ್ತಿರುತ್ತಾನೆ. ಪರೀಕ್ಷಾನಳಿಕೆಯಲ್ಲಿ ಸ್ವಲ್ಪ ನೀರು, ಅದಕ್ಕೆ ಆಲ್ಫಾ ನ್ಯಾಫ್ತಾಲಿನ ಕೆಲವು ಹನಿ. ನಳಿಕೆಯನ್ನು ಓರೆ ಹಿಡಿದು, ಗೋಡೆಯ ಗುಂಟ ಬಲವಾದ ಸಲ್ಫ್ಯೂರಿಕ್ ಆಮ್ಲವನ್ನು ಮೆಲ್ಲಗೆ ಇಳಿಸುತ್ತಾನೆ. ಭಾರವಾದ ಆಮ್ಲ ತಳದಲ್ಲಿ ಕೂರುತ್ತದೆ. ಎರಡೂ ಸೇರುವ ಜಾಗದಲ್ಲಿ ನೇರಳೆ ಬಣ್ಣದ ಉಂಗುರ ಮೂಡಿದರೆ ಸಕ್ಕರೆ ಬಂದಿದೆ ಎಂದೇ ಅರ್ಥ. ಆ ನೀರನ್ನು ಕೂಡಲೇ ಬೇರೆ ಕಡೆಗೆ ತಿರುಗಿಸಬೇಕು. ಸೋರುವ ಟ್ಯೂಬನ್ನು ಹುಡುಕಲು ಹಬೆಯ ಜಾಗಕ್ಕೆ ನೀರು ತುಂಬಿ ಒತ್ತಡ ಕೊಡುತ್ತಾರೆ. ಎಲ್ಲಿ ಜಿನುಗಿತೋ ಅದಕ್ಕೆ ಎರಡು ಕಡೆಯೂ ಪ್ಲಗ್ ಬಡಿದು ಹಂಗಾಮು ಮುಗಿಯುವವರೆಗೆ ಓಡಿಸುತ್ತಾರೆ. ಹಂಗಾಮು ಮುಗಿದ ಮೇಲೆ ಹಳೆಯದನ್ನು ಕಿತ್ತು ಹೊಸ ಟ್ಯೂಬು ಕೂರಿಸಿ, ಎಕ್ಸ್‌ಪ್ಯಾಂಡರಿನಿಂದ ಅದರ ತುದಿಯನ್ನು ಹಿಗ್ಗಿಸಿ ಪ್ಲೇಟಿಗೆ ಬಿಗಿಯುತ್ತಾರೆ.

ಕಲ್ಲು ಕಟ್ಟುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ನಿಧಾನಗೊಳಿಸಬಹುದು. ಹಾಲು ತಿಳಿಯಾಗುವ ಹಂತದಲ್ಲೇ ಅರ್ಧ ಕೆಲಸ ಇದೆ. ಸುಣ್ಣ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಕೆಮಿಸ್ಟ್ ಒಬ್ಬರು ಅಲ್ಲಿ ಕಣ್ಣು ತಪ್ಪಿಸಿದರೆ ಎವಾಪೊರೇಟರಿನಲ್ಲಿ ಅದರ ಫಲ ಕಟ್ಟಿಕೊಳ್ಳುತ್ತದೆ. ಬಾಡಿಯೊಳಗೆ ಹಾಲಿನ ಮಟ್ಟವನ್ನು ಟ್ಯೂಬಿನ ಎತ್ತರದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಇಟ್ಟರೆ ಹಾಲು ತೆಳುವಾಗಿ ಗೋಡೆಯುದ್ದಕ್ಕೂ ಏರುತ್ತ ಕುದಿಯುತ್ತದೆ. ಮಟ್ಟ ಹೆಚ್ಚಾದರೆ ಹಾಲು ಸುತ್ತಾಡುವುದಿಲ್ಲ, ತೀರ ಇಳಿದರೆ ಗೋಡೆಯಲ್ಲೇ ಸುಟ್ಟು ಅಂಟುತ್ತದೆ. ಟ್ಯೂಬಿನ ಹೊರಮೈಯನ್ನೂ ಮರೆಯಬಾರದು. ಹಬೆಯ ಜೊತೆ ಬಂದ ಗಾಳಿ, ಅಮೋನಿಯಾ ಇತ್ಯಾದಿ ತಣಿಯದ ಅನಿಲಗಳು ಅಲ್ಲಿ ಕಟ್ಟಿಕೊಂಡರೆ ಅವೂ ಶಾಖಕ್ಕೆ ಅಡ್ಡಿ. ಹಿತ್ತಾಳೆ ಟ್ಯೂಬನ್ನು ಅಮೋನಿಯಾ ತಿನ್ನುತ್ತದೆ ಕೂಡ. ಇವನ್ನು ಹೊರಬಿಡುವ ಸಣ್ಣ ಪೈಪುಗಳು ಕಟ್ಟಿಕೊಂಡಿವೆಯೇ ಎಂದು ನೋಡುವುದು ಒಂದು ನಿಮಿಷದ ಕೆಲಸ, ಆದರೆ ಎಷ್ಟೋ ಕಡೆ ನೋಡುವವರಿಲ್ಲ.

ಸಕ್ಕರೆಯ ಮಾತು ಬಿಟ್ಟು ಬೇರೆಡೆ ನೋಡಿದರೂ ಇದೇ ಕಥೆ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ನೀರು ಬರುವುದು ಕೃಷ್ಣೆಯಿಂದ. 210 ಮೆಗಾವ್ಯಾಟಿನ ಒಂದು ಘಟಕದ ಕಂಡೆನ್ಸರಿನಲ್ಲಿ ಸಾವಿರಾರು ಸಣ್ಣ ಟ್ಯೂಬುಗಳಿರುತ್ತವೆ. ಇಂಥ ಕಂಡೆನ್ಸರಿನ ಟ್ಯೂಬುಗಳಲ್ಲಿ ಪಾಚಿ, ಕೆಸರು ಕೂತರೆ ನಿರ್ವಾತ ಕೆಡುತ್ತದೆ, ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಲ್ಲಿದ್ದಲು ಸುಡಬೇಕಾಗುತ್ತದೆ. ಯಂತ್ರ ಓಡುತ್ತಿರುವಾಗಲೇ ಟ್ಯೂಬು ಉಜ್ಜಲು, ಟ್ಯೂಬಿಗಿಂತ ತುಸು ದಪ್ಪದ ಸ್ಪಂಜಿನ ರಬ್ಬರ್ ಚೆಂಡುಗಳನ್ನು ನೀರಿನೊಂದಿಗೆ ಹರಿಯಬಿಡುವ ಉಪಾಯವನ್ನು ಜರ್ಮನಿಯವರು 1950ರ ದಶಕದಲ್ಲಿ ತಂದರು. ಚೆಂಡು ಗೋಡೆಯನ್ನು ಒರೆಸಿಕೊಂಡು ಹಾದುಹೋಗುತ್ತದೆ, ಆಚೆ ಬಲೆಯಲ್ಲಿ ಸಿಕ್ಕಿ ಮತ್ತೆ ಈಚೆ ಬರುತ್ತದೆ. ತೈಲ ಶುದ್ಧೀಕರಣ ಕಾರ್ಖಾನೆಗಳಲ್ಲಿ ಟ್ಯೂಬುಗಳ ಕಟ್ಟನ್ನೇ ಚಿಪ್ಪಿನಿಂದ ಹೊರಗೆಳೆದು ನೀರಿನ ಜೆಟ್ಟಿನಿಂದ ತೊಳೆಯುತ್ತಾರೆ. ವಿಧಾನ ಬೇರೆ ಬೇರೆ, ಶತ್ರು ಒಬ್ಬನೇ.

ಕೊನೆಯದಾಗಿ ಮೂರು ವಿನಂತಿ. ಕಾರ್ಖಾನೆಯ ಆಡಳಿತ ಮಂಡಳಿಗಳಲ್ಲಿರುವ ಹಿರಿಯರೇ, ಕ್ಲೀನಿಂಗ್ ದಿನವನ್ನು ರೈತರಿಗೆ ಮುಂಚೆಯೇ ತಿಳಿಸಿ, ಅದಕ್ಕೆ ತಕ್ಕಂತೆ ಕಬ್ಬು ಕಡಿಯಲು ಅನುಮತಿ ಚೀಟಿ ಕೊಡಿ. ಹಾಗೆ ಮಾಡಿದರೆ ಕಡಿದ ಕಬ್ಬು ಅಂಗಳದಲ್ಲಿ ಒಣಗುವುದಿಲ್ಲ. ಟ್ಯೂಬು ತೊಳೆಯುವ ಕೆಲಸವನ್ನು ಅತಿ ಕಡಿಮೆ ದರ ಹೇಳಿದ ಗುತ್ತಿಗೆದಾರನಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಡಿ. ಒಳಗೆ ಇಳಿಯುವವನು ಯಾರ ಹಾಜರಿ ಪುಸ್ತಕದಲ್ಲಿದ್ದರೂ, ಅವನ ಜೀವದ ಹೊಣೆ ನಿಮ್ಮದೇ. ಬಾಡಿಗೆ ಇಳಿಯುವ ನನ್ನ ಸೋದರರೇ, ಗಾಳಿಯನ್ನು ಮೀಟರಿನಿಂದ ಅಳೆದು, ಬ್ಲೈಂಡ್ ಪ್ಲೇಟು ಹಾಕಿದ್ದನ್ನು ನಿಮ್ಮ ಕಣ್ಣಿನಿಂದ ನೋಡಿ, ಅಧಿಕಾರಿಯ ಸಹಿ ಬಿದ್ದ ಪರವಾನಗಿ ಕೈಗೆ ಬರುವವರೆಗೆ ಮ್ಯಾನ್‌ಹೋಲಿನೊಳಗೆ ಕಾಲಿಡಬೇಡಿ. ಯಾರು ಅವಸರ ಮಾಡಿದರೂ ಸರಿಯೇ, ಇಡಬೇಡಿ.